ಒಂದೇ ಆಪರೇಷನ್ ಟೇಬಲ್ಲಿಗೆ ಅರಿವಳಿಕೆಯವರು ಎಷ್ಟು ಜನ ಬೇಕು?

ಶಿರಸಿ, ಕುಮಟಾ, ಕಾರವಾರದ ಕಡೆ ಆಸ್ಪತ್ರೆಯ ಮಾತು ಬಂದಾಗಲೆಲ್ಲ "ಒಬ್ಬ ಅರಿವಳಿಕೆ ಡಾಕ್ಟರನ್ನು ಕೊಡಿ ಸಾಕು" ಅನ್ನುವ ಬೇಡಿಕೆ ಇದ್ದೇ ಇರುತ್ತದೆ. ಒಬ್ಬರು ಸಾಲುವುದಿಲ್ಲ. ವಾರಕ್ಕೆ 168 ತಾಸು. ಒಬ್ಬರು 48 ತಾಸು ದುಡಿದರೂ ಹಗಲು ರಾತ್ರಿ ತುಂಬಲು ಮೂರೂವರೆ ಜನ ಬೇಕು, ರಜೆ ಸೇರಿಸಿದರೆ ಕನಿಷ್ಠ ನಾಲ್ವರು. ಒಬ್ಬರೇ ಇದ್ದಲ್ಲಿ ಅವರು ರಜೆ ಹಾಕಿದ ದಿನ ಸಿಸೇರಿಯನ್ ಆಗಬೇಕಾದ ಬಸುರಿಯನ್ನು ಆಂಬುಲೆನ್ಸಿನಲ್ಲಿ ಬೇರೆ ಊರಿಗೆ ಸಾಗಿಸಬೇಕಾಗುತ್ತದೆ.

ಲೆಕ್ಕಕ್ಕೆ ತಲಾ ಒಂದೂವರೆ ಲಕ್ಷ ಸಂಬಳ ಅಂತ ಹಿಡಿಯೋಣ. ನಾಲ್ವರಿಗೆ ತಿಂಗಳಿಗೆ 6 ಲಕ್ಷ. 30 ಕೇಸಾದರೆ ಕೇಸಿಗೆ 20,000 ಬೀಳುತ್ತದೆ, 120 ಆದರೆ 5,000. ಸಿಸೇರಿಯನ್ನಿಗೆ ಬೆನ್ನಿಗೆ ಕೊಡುವ ಅರಿವಳಿಕೆ ಮದ್ದು ಬುಪಿವಕೇನ್ ಸುಮಾರು 2 ಎಂ.ಎಲ್. ಅಷ್ಟೇ, ಅದರ ಬೆಲೆ ಲೆಕ್ಕಕ್ಕೇ ಬರುವುದಿಲ್ಲ.

ಅಮೆರಿಕದಲ್ಲಿ ಅರಿವಳಿಕೆ ಕಲಿತ ನರ್ಸ್ ಟೇಬಲ್ ಪಕ್ಕ ಇರುತ್ತಾರೆ, ಒಬ್ಬ ಡಾಕ್ಟರು ಒಟ್ಟಿಗೆ ನಾಲ್ಕು ಟೇಬಲ್‌ವರೆಗೆ ನೋಡಿಕೊಳ್ಳಬಹುದು. ಅಲ್ಲಿನ ಸರ್ಕಾರಿ ವಿಮೆ ಮೆಡಿಕೇರ್ ಕೊಡುವ ಹಣ ಇಬ್ಬರಿಗೂ ಅರ್ಧರ್ಧ. ನಾಲ್ಕು ಟೇಬಲ್ ಒಟ್ಟಿಗೆ ನಡೆದರೆ ಮಾತ್ರ ಅದರಲ್ಲಿ ಉಳಿತಾಯ. ನಮ್ಮ ತಾಲೂಕು ಆಸ್ಪತ್ರೆಯಲ್ಲಿ ನಡೆಯುವುದೇ ಒಂದೋ ಎರಡೋ. ಅಲ್ಲದೆ ನಮ್ಮಲ್ಲಿ ನರ್ಸ್ ತಾವೇ ಅರಿವಳಿಕೆ ಕೊಡುವಂತಿಲ್ಲ. ತುರ್ತು ಹೆರಿಗೆಗೆಂದು ಎಂಬಿಬಿಎಸ್ ಡಾಕ್ಟರಿಗೆ ಕೆಲವು ವಾರ ಅರಿವಳಿಕೆ ಕಲಿಸುವ ಸರ್ಕಾರಿ ತರಬೇತಿ ಶುರುವಾಗಿದ್ದು ಈ ಕೊರತೆಯಿಂದಲೇ.

ಹಾಗಂತ ನರ್ಸ್‌ಗಳಿಂದ ಉಳಿತಾಯವಿಲ್ಲ ಅಂತಲ್ಲ, ಅದು ಟೇಬಲ್ಲಿನ ಆಚೀಚೆ ಇದೆ. ಬೆಳಗಿನ ಮೊದಲ ಕೇಸು ಎಷ್ಟೋ ಸಲ ಮುಂದೆ ಹೋಗುವುದು ಹೊಟ್ಟೆ ಖಾಲಿ ಇಲ್ಲದ್ದಕ್ಕೆ. "ಏನೂ ತಿಂದಿಲ್ಲ" ಅನ್ನುತ್ತಾರೆ, ಕೆದಕಿ ಕೇಳಿದರೆ ಹಾಲು ಹಾಕಿದ ಕಷಾಯವೋ ಒಂದು ಬಟ್ಟಲು ಗಂಜಿಯೋ ಹೊರಬರುತ್ತದೆ. ಬರೀ ನೀರಿಗೆ 2 ತಾಸು ಸಾಕು, ಹಾಲಿಗೂ ಗಂಜಿಗೂ 6 ತಾಸು ಕಾಯಬೇಕು. ಹಿಂದಿನ ರಾತ್ರಿಯೇ ನರ್ಸ್ ಕಷಾಯ, ಗಂಜಿ ಅಂತ ಹೆಸರು ಹೇಳಿಯೇ ತಾಕೀತು ಮಾಡಿದರೆ ಕೇಸು ಉಳಿಯುತ್ತದೆ. ಆಪರೇಷನ್ ಮುಗಿದ ಮೇಲೂ ಅಷ್ಟೇ. ಬೆನ್ನಿಗೆ ಅರಿವಳಿಕೆ (ಸ್ಪೈನಲ್) ಕೊಟ್ಟವರ ಬಿಪಿ ಇಳಿಯಬಹುದು, ಮೊದಲ ಅರ್ಧ ತಾಸು ಐದೈದು ನಿಮಿಷಕ್ಕೆ ನೋಡಬೇಕು. ಆಪರೇಷನ್ ಆದವರನ್ನು ಇಡುವ ರಿಕವರಿ ಕೋಣೆಯಲ್ಲಿ ಕಲಿತ ನರ್ಸ್ ಇಲ್ಲದಿದ್ದರೆ ಡಾಕ್ಟರೇ ಅಲ್ಲಿ ನಿಲ್ಲಬೇಕು, ಅಷ್ಟೂ ಹೊತ್ತು ಟೇಬಲ್ ಖಾಲಿ.

ಕುಮಟಾ, ಹೊನ್ನಾವರದ ನಡುವೆ ಸುಮಾರು 20 ಕಿ.ಮೀ. ಹರ್ನಿಯಾದಂಥ ಮೊದಲೇ ಗೊತ್ತಿರುವ ಆಪರೇಷನ್‌ಗಳಿಗೆ ವಾರದ ದಿನಗಳನ್ನು ಹಂಚಿಕೊಂಡು, ಚೌತಿ, ದೀಪಾವಳಿಯ ರಜೆಯ ಪಟ್ಟಿಯನ್ನು ಎರಡೂ ಕಡೆಯವರು ಕೂತು ಒಟ್ಟಿಗೆ ಬರೆಯಬಹುದು. ಶಿರಸಿಗೆ ಅದು ಒದಗದು. ಘಟ್ಟದ ಮೇಲಿನವರಿಗೆ ನಾಲ್ವರು ಬೇರೆಯೇ ಬೇಕು.