ಹಾಜರಾತಿಗೆ ಹಾಕಿದ ಸಹಿ

2015ರಲ್ಲಿ ನಾನು ಮೈಸೂರು ಜಿಲ್ಲೆಯ ಕಾಡಂಚಿನ ಒಂದು ತಾಲ್ಲೂಕಿನಲ್ಲಿ ಸಿಆರ್‌ಪಿ, ಅಂದರೆ ಅಕ್ಕಪಕ್ಕದ ಶಾಲೆಗಳ ಒಂದು ಗುಂಪನ್ನು (ಕ್ಲಸ್ಟರ್) ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿ ಆಗಿದ್ದೆ. ನನ್ನ ಕ್ಲಸ್ಟರಿಗೆ 17 ಶಾಲೆಗಳು ಮತ್ತು 3 ಗ್ರಾಮ ಪಂಚಾಯಿತಿಗಳು ಸೇರಿದ್ದವು. ಪಂಚಾಯಿತಿ ಚುನಾವಣೆಯ ಕರ್ತವ್ಯ ಮುಗಿಸಿ ಶಿಕ್ಷಕರು ಶಾಲೆಗೆ ಮರಳಿ ಕೆಲವು ವಾರಗಳಾಗಿದ್ದವು. ಸಮವಸ್ತ್ರ ಮತ್ತು ಪಠ್ಯಪುಸ್ತಕಗಳ ವಿತರಣಾ ಮಾಹಿತಿ ಇನ್ನೂ ಪೂರ್ತಿ ಬಂದಿರದ ಆ ಹೊತ್ತಿನಲ್ಲೇ, ಹೊಸ ರಾಷ್ಟ್ರೀಯ ಶಿಕ್ಷಣ ನೀತಿಗಾಗಿ ಪಂಚಾಯಿತಿ ಮಟ್ಟದ ಸಮಾಲೋಚನೆ ನಡೆಸಿ ವರದಿಯನ್ನು ಅಪ್‌ಲೋಡ್ ಮಾಡಬೇಕೆಂಬ ಸೂಚನೆ ಬಂತು.

ದೇಶದ ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಂದ ಅಭಿಪ್ರಾಯ ಪಡೆದು ನೀತಿ ರೂಪಿಸುವುದು ಕೇಂದ್ರದ ಉದ್ದೇಶವಾಗಿತ್ತು. ಒಟ್ಟು 33 ವಿಷಯಗಳಲ್ಲಿ ಶಾಲಾ ಶಿಕ್ಷಣಕ್ಕೆ 13 ಮೀಸಲಾಗಿದ್ದವು. ಉದ್ದೇಶ ಒಳ್ಳೆಯದೇ ಎಂದು ಇಂದಿಗೂ ನಂಬುತ್ತೇನೆ. ಆದರೆ ತಾಲ್ಲೂಕಿನ ಸಂಪನ್ಮೂಲ ಕೇಂದ್ರದ (ಬಿಆರ್‌ಸಿ) ಸಭೆಯಲ್ಲಿ ಆ 13 ವಿಷಯಗಳ ಬಗ್ಗೆ ಯಾರೂ ಮಾತನಾಡಲಿಲ್ಲ. ಲಾಗಿನ್ ಹೇಗೆ, ಎಷ್ಟು ಪಂಚಾಯಿತಿ ಬಾಕಿ, ಶನಿವಾರದೊಳಗೆ ಶೇ. 100 ಆಗದಿದ್ದರೆ ಯಾರಿಗೆ ನೋಟಿಸ್ ಎಂಬುದಷ್ಟೇ ಚರ್ಚೆಯಾಯಿತು.

ಮೂರು ಪಂಚಾಯಿತಿಗಳಲ್ಲಿ ಮೂರು ಸಭೆ ನಡೆಸಲು ಸಮಯವಿಲ್ಲವೆಂದು ನಾನೇ ತೀರ್ಮಾನಿಸಿ, ಕ್ಲಸ್ಟರಿನ ಶಿಕ್ಷಕರು ಪ್ರತಿ ತಿಂಗಳು ಸೇರುವ ಸಮಾಲೋಚನಾ ಸಭೆಯಲ್ಲಿ ವಿಷಯವನ್ನು ಇಟ್ಟೆ. ಊಟದ ನಂತರದ ಅವಧಿಯಾದ್ದರಿಂದ ಎಲ್ಲರೂ ಬಸ್ಸಿನ ಸಮಯ ನೋಡಿಕೊಳ್ಳುತ್ತಿದ್ದರು. ನಾನು ಪ್ರಶ್ನೆಗಳನ್ನು ಓದುತ್ತಾ ಹೋದಾಗ ಮಾತನಾಡಿದವರು ನಾಲ್ಕೈದು ಮಂದಿ ಮಾತ್ರ. ಅವರಲ್ಲಿ ಹಾಡಿಯ, ಅಂದರೆ ಆದಿವಾಸಿ ಕೇರಿಯ ಮಕ್ಕಳೇ ಹೆಚ್ಚಿರುವ ಕಿರಿಯ ಪ್ರಾಥಮಿಕ ಶಾಲೆಯೊಂದರ ಹಿರಿಯ ಮೇಡಂ ಒಬ್ಬರು. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ, ಕಾರ್ಡುಗಳ ಮೂಲಕ ಮಗು ತನ್ನದೇ ವೇಗದಲ್ಲಿ ಕಲಿಯುವ ನಲಿಕಲಿ ಪದ್ಧತಿ ಶುರುವಾದಾಗ ಶಿಕ್ಷಕರೇ ಆಂಧ್ರದ ಋಷಿವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು, ಕುಳಿತು ಕಾರ್ಡುಗಳನ್ನು ಬರೆದರಲ್ಲ, ಆ ಕಾಲದ ಕಾರ್ಯಾಗಾರಗಳಲ್ಲಿ ಕೆಲಸ ಮಾಡಿದವರು ಅವರು. 2009ರ ನಂತರ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೂ ಮುದ್ರಿತ ಕಾರ್ಡುಗಳ ಪೆಟ್ಟಿಗೆ ಬಂದಾಗ, "ಇದರಲ್ಲಿ ನಮ್ಮ ಕೈಬರಹ ಕಾಣುವುದಿಲ್ಲ" ಎಂದು ನಕ್ಕಿದ್ದರು.

ಎಂಟನೆಯ ತರಗತಿಯವರೆಗೆ ಮಕ್ಕಳನ್ನು ಅನುತ್ತೀರ್ಣಗೊಳಿಸದಿರುವ ನಿಯಮ ಇರಬೇಕೇ ಬೇಡವೇ ಎಂಬ ಪ್ರಶ್ನೆಗೆ ಅವರು ಹತ್ತು ನಿಮಿಷ ಮಾತನಾಡಿದರು. ಡಿಸೆಂಬರಿನಲ್ಲಿ ಕಾಫಿ ಕೊಯ್ಲು ಶುರುವಾದೊಡನೆ ತಮ್ಮ ಶಾಲೆಯ ಮಕ್ಕಳು ತಂದೆ ತಾಯಿಯ ಜೊತೆ ಕೊಡಗಿನ ತೋಟಗಳಲ್ಲಿ ಕೂಲಿಕಾರರಿಗಿರುವ ಲೈನ್ ಮನೆಗಳಿಗೆ ಹೋಗುತ್ತಾರೆ, ಶಿವರಾತ್ರಿಯ ಹೊತ್ತಿಗೆ ಮರಳುತ್ತಾರೆ. ಮೂರನೆಯ ತರಗತಿಯವರೆಗೆ ತೊಂದರೆಯಿಲ್ಲ, ಏಕೆಂದರೆ ನಲಿಕಲಿಯ ಕಲಿಕಾ ಏಣಿಯಲ್ಲಿ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದೆ ಹತ್ತುತ್ತದೆ. ನಾಲ್ಕನೆಯ ತರಗತಿಯಲ್ಲಿ ಪಾಠ ಮುಂದೆ ಹೋಗಿರುತ್ತದೆ, ಮಗು ಹಿಂದೆ ಉಳಿದಿರುತ್ತದೆ. ಅಂಥ ಮಗುವನ್ನು ಐದರಲ್ಲಿ ಫೇಲ್ ಮಾಡಿದರೆ ಅದು ಮತ್ತೆ ಐದಕ್ಕೆ ಬರುವುದಿಲ್ಲ, ತೋಟದಲ್ಲೇ ಉಳಿಯುತ್ತದೆ ಎಂದರು. ಆದ್ದರಿಂದ ಬಿಟ್ಟ ಮೆಟ್ಟಿಲಿಗೆ ಮರಳುವ ವ್ಯವಸ್ಥೆಯನ್ನು ಐದನೆಯ ತರಗತಿಯವರೆಗೂ ವಿಸ್ತರಿಸಬೇಕು, ವಲಸೆ ಹೋಗುವ ಊರುಗಳಿಗೆ ಶಾಲಾ ವೇಳಾಪಟ್ಟಿಯೇ ಬೇರೆ ಇರಬೇಕು ಎಂಬುದು ಅವರ ಸಲಹೆ. ನಾನು ಡೈರಿಯಲ್ಲಿ ಒಂದು ಪುಟದಷ್ಟು ಬರೆದುಕೊಂಡೆ. ಆ ಪುಟ ಈಗಲೂ ನನ್ನ ಬಳಿ ಇದೆ.

ರಾತ್ರಿ ಒಂಬತ್ತಕ್ಕೆ ಊರಿನ ಕಂಪ್ಯೂಟರ್ ಅಂಗಡಿಯಲ್ಲಿ ಅಪ್‌ಲೋಡ್ ಮಾಡಲು ಕುಳಿತೆ. ಸರ್ವರ್ ಎರಡು ಸಲ ಹೊರಗೆ ತಳ್ಳಿತು. ನಮಗೆ ಬಂದಿದ್ದ ನಮೂನೆಯಲ್ಲಿ ಸಿದ್ಧ ಉತ್ತರಗಳಿಗೆ ಗುರುತು ಹಾಕಬೇಕಿತ್ತು, ಕೊನೆಯಲ್ಲಿ ಷರಾ ಬರೆಯಲು ಚಿಕ್ಕ ಜಾಗವಿತ್ತು. ಮೇಡಂ ಹೇಳಿದ್ದನ್ನು ಅಲ್ಲಿ ಬರೆಯಬಹುದಿತ್ತು. ಬರೆಯಲಿಲ್ಲ. ಸಮಯವಿಲ್ಲದ್ದು ಅದಕ್ಕೆ ಅರ್ಧ ಕಾರಣ ಮಾತ್ರ. ಕಾಫಿ ಕೊಯ್ಲು ಎಂಬುದು ನಮ್ಮ ಮೂಲೆಯ ಸ್ಥಳೀಯ ಸಮಸ್ಯೆ, ರಾಷ್ಟ್ರೀಯ ನೀತಿಗೆ ಅದರಿಂದ ಏನಾಗಬೇಕು ಎಂದು ನಾನು ನಿಜವಾಗಿಯೂ ಭಾವಿಸಿದ್ದೆ. ಸ್ವತಃ ಹತ್ತು ವರ್ಷ ಏಕೋಪಾಧ್ಯಾಯ ಶಾಲೆಯಲ್ಲಿ ದುಡಿದ ನನಗೇ ಹಾಗೆ ಅನ್ನಿಸಿತ್ತು. "ಮಕ್ಕಳಿಗೆ ಓದಿನ ಭಯವೇ ಇಲ್ಲ" ಎಂದು ಸಭೆಯಲ್ಲಿ ಗಟ್ಟಿಯಾಗಿ ಹೇಳಿದ ಇಬ್ಬರು ಮೇಷ್ಟ್ರುಗಳ ಮಾತು ನಮೂನೆಯ ಉತ್ತರಕ್ಕೆ ಸಲೀಸಾಗಿ ಹೊಂದಿತು. ನಿಯಮ ಕೈಬಿಡಬೇಕು ಎಂಬುದಕ್ಕೆ ಗುರುತು ಹಾಕಿ, ಮೊದಲ ಪಂಚಾಯಿತಿಯ ವರದಿಯನ್ನೇ ಉಳಿದೆರಡಕ್ಕೂ ಅಂಟಿಸಿ, ಸಭೆಯ ಹಾಜರಾತಿ ಹಾಳೆಯನ್ನು ಸ್ಕ್ಯಾನ್ ಮಾಡಿ ದಾಖಲೆಯಾಗಿ ಲಗತ್ತಿಸಿ, ಹನ್ನೊಂದಕ್ಕೆ ಮನೆಗೆ ಹೋಗಿ ನೆಮ್ಮದಿಯಾಗಿ ಮಲಗಿದೆ.

ಮುಂದಿನ ತಿಂಗಳು ಮುಖ್ಯ ಶಿಕ್ಷಕರ ತಾಲ್ಲೂಕು ಸಭೆಯಲ್ಲಿ ಮೇಲಧಿಕಾರಿಗಳು, ಮೊದಲು ಗುರಿ ಮುಟ್ಟಿದ ಕ್ಲಸ್ಟರ್ ಎಂದು ನನ್ನ ಹೆಸರು ಹೇಳಿ ಚಪ್ಪಾಳೆ ಹೊಡೆಸಿದರು. ಅಷ್ಟಕ್ಕೇ ಬಿಟ್ಟಿದ್ದರೆ ಈ ಬರಹ ಹುಟ್ಟುತ್ತಿರಲಿಲ್ಲ. "ನೋಡಿ, ಮೂರೂ ಪಂಚಾಯಿತಿಗಳಲ್ಲಿ ಎಂಥ ಒಮ್ಮತ" ಎನ್ನುತ್ತಾ ಅವರು ವರದಿಯನ್ನು ಪರದೆಯ ಮೇಲೆ ತೋರಿಸಿದರು. ಮೂರನೆಯ ಪಂಚಾಯಿತಿಯ ವರದಿಯಲ್ಲಿ ಮೊದಲನೆಯ ಪಂಚಾಯಿತಿಯ ಹೆಸರು ಹಾಗೆಯೇ ಉಳಿದಿತ್ತು. ಅಧಿಕಾರಿಗಳು ಗಮನಿಸಲಿಲ್ಲ, ನಾನು ಗಮನಿಸಿದೆ. ನಾಲ್ಕನೆಯ ಸಾಲಿನಲ್ಲಿದ್ದ ಮೇಡಂ ಕೂಡ ಗಮನಿಸಿದ್ದರು.

ಅವರು ಎದ್ದು ನಿಂತು, "ಸರ್, ನಮ್ಮ ಪಂಚಾಯಿತಿಯ ಸಭೆ ಯಾವತ್ತು ನಡೆಯಿತು?" ಎಂದು ಕೇಳಿದರು. ಕೇಳಿದ್ದು ಅಧಿಕಾರಿಗಳನ್ನು, ನೋಡಿದ್ದು ನನ್ನನ್ನು. ನಾನು ಎದ್ದೆ. ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. "ಸಮಾಲೋಚನಾ ಸಭೆಯಲ್ಲೇ ಚರ್ಚೆ ಆಯಿತಲ್ಲ ಮೇಡಂ, ತಾವೂ ಇದ್ದಿರಿ, ಸಹಿ ಇದೆ" ಎಂದೆ. ಆ ಕೊನೆಯ ಎರಡು ಪದಗಳನ್ನು ಹೇಳದೇ ಇರಬಹುದಿತ್ತು. ಅವರು ಸ್ವಲ್ಪ ಹೊತ್ತು ಪರದೆಯನ್ನೇ ನೋಡಿ, "ನಾನು ಬಂದಿದ್ದೇನೆ ಅಂತ ಸಹಿ ಮಾಡಿದ್ದೆ ಸರ್, ಫೇಲ್ ಮಾಡಿ ಅಂತ ಮಾಡಿರಲಿಲ್ಲ" ಎಂದು ಹೇಳಿ ಕುಳಿತರು. ಯಾರೋ ಹಿಂದಿನಿಂದ ನಕ್ಕರು. ಅಧಿಕಾರಿಗಳು ಚಹಾ ವಿರಾಮ ಘೋಷಿಸಿ, ಹೊರಗೆ ನನ್ನ ಹೆಗಲ ಮೇಲೆ ಕೈಯಿಟ್ಟು, "ಇರಲಿ ಬಿಡಿ, ಹೆಸರೊಂದು ಸರಿಪಡಿಸಿ" ಎಂದರು. ಹೆಸರನ್ನು ಸರಿಪಡಿಸಲು ಪೋರ್ಟಲ್ ಬಿಡಲಿಲ್ಲ, ಒಮ್ಮೆ ಸಲ್ಲಿಸಿದ ವರದಿ ಅಲ್ಲಿಗೆ ಮುಗಿದಂತೆ.

ನನ್ನ ಮೂರು ವರದಿಗಳಿಂದ ದೇಶದ ಕಾನೂನು ಬದಲಾಯಿತೆಂದು ಹೇಳುವಷ್ಟು ಭ್ರಮೆ ನನಗಿಲ್ಲ. ಆದರೆ 2019ರ ಜನವರಿಯಲ್ಲಿ ಶಿಕ್ಷಣ ಹಕ್ಕು ಕಾಯ್ದೆಗೆ ತಿದ್ದುಪಡಿಯಾಗಿ ಐದು ಮತ್ತು ಎಂಟನೆಯ ತರಗತಿಗಳಲ್ಲಿ ಮಕ್ಕಳನ್ನು ತಡೆಹಿಡಿಯುವ ಅವಕಾಶ ಬಂದಾಗ, 2020ರ ನೀತಿಯ ಹಿಂದೆ ಎರಡು ಲಕ್ಷಕ್ಕೂ ಹೆಚ್ಚು ಸಲಹೆಗಳಿವೆ ಎಂಬ ಸುದ್ದಿ ಓದಿದಾಗ, ಆ ರಾತ್ರಿಯ ಕಂಪ್ಯೂಟರ್ ಅಂಗಡಿ ನೆನಪಾಯಿತು. 2024ರ ಮಾರ್ಚಿನಲ್ಲಿ ನಮ್ಮ ಮಕ್ಕಳ ಪಬ್ಲಿಕ್ ಪರೀಕ್ಷೆ ಶುರುವಾಗಿ, ನಡುವೆ ನಿಂತು, ಮತ್ತೆ ನಡೆದು, ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ ಫಲಿತಾಂಶಕ್ಕೆ ತಡೆ ನೀಡಿದಾಗ, ನಾಳೆ ಪರೀಕ್ಷೆ ಇದೆಯೇ ಎಂದು ಮಕ್ಕಳು ಕೇಳಿದ ಪ್ರಶ್ನೆಗೆ ಉತ್ತರಿಸಲು ನಾವು ಶಿಕ್ಷಕರು ವಾಟ್ಸ್ಆ್ಯಪ್ ಗುಂಪನ್ನು ನೋಡಿಕೊಂಡು ಕುಳಿತಿದ್ದೆವು. ಆಗ ನಾನು ಸಿಆರ್‌ಪಿ ಅವಧಿ ಮುಗಿಸಿ ಶಾಲೆಗೆ ಮರಳಿದ್ದೆ.

ಶಿಕ್ಷಕರನ್ನು ಯಾರೂ ಕೇಳುವುದಿಲ್ಲ ಎಂದು ಸಹೋದ್ಯೋಗಿಗಳು ದೂರುವಾಗ ನಾನು ಸುಮ್ಮನಿರುತ್ತೇನೆ. ಒಮ್ಮೆ ಕೇಳಿದ್ದರು, ಕೇಳಿಸಿಕೊಂಡದ್ದನ್ನು ಮೇಲಕ್ಕೆ ದಾಟಿಸಬೇಕಾದ ಜಾಗದಲ್ಲಿ ನಾನಿದ್ದೆ. ಮೇಡಂ ನಿವೃತ್ತರಾಗುವ ದಿನ ಆ ಡೈರಿಯ ಪುಟವನ್ನು ತೋರಿಸಿದೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಒಂದು ಕಾಗುಣಿತದ ತಪ್ಪನ್ನು ತಿದ್ದಿ ಹಿಂದಿರುಗಿಸಿದರು.

ಈಗ ನಡಾವಳಿ ಬರೆದು ಮುಗಿಯದೆ ನಾನು ಯಾವ ಹಾಳೆಗೂ ಸಹಿ ಮಾಡುವುದಿಲ್ಲ. ಒಪ್ಪದಿದ್ದರೆ ಅದನ್ನೂ ಪುಸ್ತಕದಲ್ಲಿ ಎರಡು ಸಾಲು ಬರೆದೇ ಸಹಿ ಹಾಕುತ್ತೇನೆ. ನಮ್ಮ ಈಗಿನ ಸಿಆರ್‌ಪಿಗೆ ಇದು ಕಿರಿಕಿರಿ. ಕಳೆದ ತಿಂಗಳು ಬಾಗಿಲಲ್ಲಿ ಹೆಲ್ಮೆಟ್ ಹಿಡಿದು ನಿಂತು, "ಬೇಗ ಸಹಿ ಮಾಡಿ ಸರ್, ಇವತ್ತೇ ಅಪ್‌ಲೋಡ್ ಮಾಡಬೇಕು" ಎಂದರು. ಒಳ್ಳೆಯ ಹುಡುಗ. ಕುರ್ಚಿ ಎಳೆದು ಕೂರಿಸಿ, ನಾಲ್ಕನೆಯ ತರಗತಿಯ ಹಾಜರಾತಿ ಪುಸ್ತಕದಲ್ಲಿ ಡಿಸೆಂಬರ್ ತಿಂಗಳ ಪುಟವನ್ನು ತೆರೆದು ಅವರ ಮುಂದಿಟ್ಟೆ.