ಕೆರೆ ಹಳ್ಳಕ್ಕೆ ಬಾಕ್ಸ್ ಮೋರಿ: ಅನುಮತಿ ಷರತ್ತುಗಳು ಮತ್ತು ಕೆಲಸದ ಪ್ರಗತಿ

ಜಾಗ ಹೊಳಲ್ಕೆರೆ ತಾಲ್ಲೂಕು. ಊರ ಕೆರೆಗೆ ನೀರು ತರುವ ಹಳ್ಳವನ್ನು ಅಡಿಕೆ ತೋಟದ ದಾರಿ ದಾಟುತ್ತದೆ. ದಾರಿಯಡಿ 600 ಮಿ.ಮೀ. ಹ್ಯೂಮ್ ಪೈಪು (ಕಾಂಕ್ರೀಟ್ ಕೊಳವೆ) ಎರಡು. ಸೋಗೆ, ತೆಂಗಿನ ಗರಿ, ಲಂಟಾನ ಕಡ್ಡಿ ಬಾಯಿಗೆ ಕೂತರೆ ನೀರು ದಾರಿ ಮೇಲೆ ಹತ್ತಿ ಮಣ್ಣನ್ನೆಲ್ಲ ಕೆರೆಗೆ ಒಯ್ಯುತ್ತದೆ. ಪೈಪು ತೆಗೆದು 3 ಮೀ. ಅಗಲ, 2 ಮೀ. ಎತ್ತರದ ಒಂದೇ ಕಣ್ಣಿನ ಬಾಕ್ಸ್ ಮೋರಿ (ಪೆಟ್ಟಿಗೆ ಆಕಾರದ ಕಾಂಕ್ರೀಟ್ ಮೋರಿ) ಹಾಕುವುದು ಕೆಲಸ.

ಜನವರಿ: ಕಾಗದ

"ಇದು ಜೌಗು ಪ್ರದೇಶ ಅಲ್ಲವಲ್ಲ, ಅನುಮತಿ ಯಾಕೆ?" ಎಂದು ಬಹಳ ಜನ ಕೇಳುತ್ತಾರೆ. ಅರ್ಧ ನಿಜ. 2017ರ ಜೌಗುಭೂಮಿ ನಿಯಮಗಳು ನದಿಪಾತ್ರ, ಗದ್ದೆ, ನೀರಾವರಿಗೆಂದೇ ಕಟ್ಟಿದ ಕೆರೆಗಳನ್ನು ಹೊರಗಿಟ್ಟಿವೆ. ಆದರೆ 2014ರ ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಅಧಿನಿಯಮದ ಲೆಕ್ಕದಲ್ಲಿ ಒಳಬರುವ ಕಾಲುವೆ, ಏರಿ, ಕೋಡಿ, ತೂಬು ಎಲ್ಲ ಸೇರಿದರೇನೇ ಕೆರೆ. ಒಳಹರಿವಿಗೆ ಅಡ್ಡಿ ಮಾಡುವಂತಿಲ್ಲ, ಕೆರೆಯಲ್ಲಿ ನೀರಿಲ್ಲದಿದ್ದರೂ ಅಷ್ಟೇ. ಅಚ್ಚುಕಟ್ಟು 40 ಹೆಕ್ಟೇರ್ ಒಳಗಿದ್ದರೆ ಅರ್ಜಿ ಪಂಚಾಯತಿ ಕಡೆ, 40ರಿಂದ 2000 ಹೆಕ್ಟೇರ್ ಇದ್ದರೆ ಸಣ್ಣ ನೀರಾವರಿ ಇಲಾಖೆ ಕಡೆ. ನಮ್ಮದು ಮೊದಲನೆಯದು.

ಅರ್ಜಿಗೆ ಲಗತ್ತಿಸಿದ್ದು: ಗ್ರಾಮ ನಕ್ಷೆಯಲ್ಲಿ ಹಳ್ಳದ ಖರಾಬು (ಸಾಗುವಳಿಗೆ ಬಾರದ ಜಾಗ) ಗುರುತು, ಮೋರಿ ನಕ್ಷೆ, ಹಳ್ಳದ ಉದ್ದ ಸೀಳುನೋಟ (ಉದ್ದಕ್ಕೂ ತಳದ ಏರಿಳಿತ ತೋರಿಸುವ ನಕ್ಷೆ). ಈ ಮೂರನೆಯದಿಲ್ಲದೆ ಮೊದಲೆರಡರಿಂದ ಏನೂ ಗೊತ್ತಾಗುವುದಿಲ್ಲ.

ಫೆಬ್ರವರಿ: ತಳದ ಮಟ್ಟ

ಅನುಮತಿ ಪತ್ರದ ಷರತ್ತು: "ಹಳ್ಳದ ಸಹಜ ತಳ ಬದಲಾಗಬಾರದು." ಒಂದೇ ಸಾಲು, ಆದರೆ ಇಡೀ ಪತ್ರದಲ್ಲಿ ಅತಿ ಮುಖ್ಯವಾದದ್ದು. ಹಳೇ ಪೈಪಿನ ಪಕ್ಕದಲ್ಲಿ ಸ್ಟಾಫ್ (ಮಟ್ಟದ ಅಳತೆ ಕೋಲು) ಇಟ್ಟು ಅಳೆದರೆ ಮಟ್ಟ ತಪ್ಪುತ್ತದೆ, ಯಾಕೆಂದರೆ ಮೇಲುಗಡೆ ಹೂಳು ಏರಿರುತ್ತದೆ, ಕೆಳಗಡೆ ನೀರು ಧುಮುಕಿ ಗುಂಡಿ ಬಿದ್ದಿರುತ್ತದೆ. ಇಲ್ಲಿ ಗುಂಡಿ 60 ಸೆಂ.ಮೀ. ಆಳ ಇತ್ತು. ಆದ್ದರಿಂದ ಮೇಲೆ 50 ಮೀ., ಕೆಳಗೆ 50 ಮೀ., ಪ್ರತಿ 5 ಮೀಟರಿಗೊಂದು ಮಟ್ಟ ತೆಗೆದು, ಹೂಳು ಮತ್ತು ಗುಂಡಿ ಬಿಟ್ಟು ಉಳಿದ ಚುಕ್ಕಿಗಳ ಮೇಲೆ ಗೆರೆ ಎಳೆಯಲಾಯಿತು. ಆ ಗೆರೆಯೇ ಸಹಜ ತಳ.

ಮೋರಿಯ ತಳದ ಸ್ಲ್ಯಾಬ್ ಅದಕ್ಕಿಂತ 40 ಸೆಂ.ಮೀ. ಕೆಳಗೆ, ಅಂದರೆ ಎತ್ತರದ ಐದನೇ ಒಂದು ಭಾಗ ಹೂತಿರುತ್ತದೆ. ಒಳಗೆ ಹಳ್ಳದ ಮರಳೇ ಹಾಸಾಗುತ್ತದೆ. ಸ್ಲ್ಯಾಬ್ ಮೇಲೆದ್ದರೆ ಹೊಸ ನೀರಿಗೆ ಕೆರೆಯಿಂದ ಹತ್ತುವ ಮೀನು ಅಲ್ಲೇ ನಿಂತುಬಿಡುತ್ತದೆ. ಕಾಂಕ್ರೀಟಿನ ಮೇಲೆ ತೆಳ್ಳಗೆ, ಜೋರಾಗಿ ಓಡುವ ನೀರಲ್ಲಿ ಅದು ಈಜಲಾರದು. ಹೂತದ್ದು ಕಳೆದರೂ ನೀರಿಗೆ 4.8 ಚದರ ಮೀಟರ್ ಬಾಯಿ ಸಿಗುತ್ತದೆ. ಹಳೇ ಎರಡು ಪೈಪು ಸೇರಿ 0.57 ಇತ್ತು.

ಮಾರ್ಚ್: ಅಗೆತ, ಒಸರು ನೀರು

ಮೇಲಿನ 40 ಸೆಂ.ಮೀ. ಮರಳನ್ನು ಬೇರೆಯೇ ಗುಡ್ಡೆ ಹಾಕಿದ್ದೇವೆ, ಅದು ಮೋರಿಯೊಳಕ್ಕೆ ವಾಪಸ್. ಕಾಂಕ್ರೀಟಿಗೆ ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು) ಹೊರಗಿನಿಂದ. ಜೆಸಿಬಿಗೆ ಡೀಸೆಲ್ ತುಂಬುವುದು ಹಳ್ಳದಿಂದ 30 ಮೀ. ಆಚೆ.

ಹಳ್ಳ ಒಣಗಿದ್ದರೂ ಮರಳಿನಡಿ ನೀರು ಒಸರುತ್ತದೆ. ಪಂಪಿನ ಫುಟ್‌ವಾಲ್ವ್ (ನೀರೆಳೆಯುವ ಬಾಯಿ) ನೆಲಕ್ಕೆ ತಾಗಿದರೆ ಬರೀ ಕೆಸರನ್ನೇ ಎಳೆಯುತ್ತದೆ. ತೂತು ಕೊರೆದ 200 ಲೀಟರ್ ಡ್ರಮ್ ಇಳಿಸಿ, ಸುತ್ತ 20 ಮಿ.ಮೀ. ಜೆಲ್ಲಿ ಸುರಿದು, ವಾಲ್ವನ್ನು ಡ್ರಮ್ಮಿನ ತಳದಿಂದ ಒಂದು ಗೇಣು ಮೇಲೆ ತೂಗುಹಾಕಿದರೆ ನೀರಿನ ಬಣ್ಣವೇ ಬದಲಾಗುತ್ತದೆ. ಅಲ್ಲಿಂದ 3×2×1.2 ಮೀಟರಿನ ಗುಂಡಿಗೆ. ಮರಳು ಅಲ್ಲೇ ಕೂರುತ್ತದೆ, ಎರೆಮಣ್ಣಿನ ಸಣ್ಣ ಕಣ ಕೂರುವುದಿಲ್ಲ. ಅದಕ್ಕೇ ಗುಂಡಿಯ ನೀರನ್ನು ಹಳ್ಳಕ್ಕೆ ಬಿಡದೆ ಪಕ್ಕದ ಹುಲ್ಲು ಬೀಳಿಗೆ ಹರಡಿ ಬಿಡುತ್ತಿದ್ದೇವೆ.

ಹೂಳು ತಡೆ ಬಟ್ಟೆಯನ್ನು ಹಳ್ಳಕ್ಕೆ ಅಡ್ಡ ಕಟ್ಟುವುದನ್ನು ಎಷ್ಟೋ ಕಡೆ ನೋಡುತ್ತೇವೆ. ಒಂದು ಹದ ಮಳೆಗೆ ಅದು ಗೂಟದ ಸಮೇತ ಹೋಗುತ್ತದೆ. ಅದು ದಡದ ಇಳಿಜಾರಿಗೆ ಮಾತ್ರ: 60 ಸೆಂ.ಮೀ. ಎತ್ತರ, ಬುಡ 15 ಸೆಂ.ಮೀ. ಮಣ್ಣೊಳಗೆ, 2 ಮೀಟರಿಗೊಂದು ಗೂಟ. ಬಟ್ಟೆಯ ಎತ್ತರದ ಮೂರನೇ ಒಂದು ಭಾಗ ಹೂಳು ನಿಂತರೆ ಆ ಹೂಳನ್ನು ತೆಗೆಯಬೇಕು. ತೋಟದ ಶೇಡ್ ನೆಟ್ ಸಾಲದು, ಕಣ್ಣು ದೊಡ್ಡದು.

ಏಪ್ರಿಲ್: ಕಾಂಕ್ರೀಟು

ತಳಕ್ಕೆ 10 ಸೆಂ.ಮೀ. ಪಿಸಿಸಿ (ಕಂಬಿಯಿಲ್ಲದ ಕಾಂಕ್ರೀಟು), ಅದರ ಮೇಲೆ ಎಂ-30 ದರ್ಜೆ ಕಾಂಕ್ರೀಟಿನ ಬಾಕ್ಸ್, ಕಂಬಿಗೆ 50 ಮಿ.ಮೀ. ಕವರ್ (ಕಾಂಕ್ರೀಟ್ ಹೊದಿಕೆ). ನೀರು ಬುಡ ಕೊರೆಯದಂತೆ ಮೇಲುಬಾಯಿಗೆ 1.2 ಮೀ., ಕೆಳಬಾಯಿಗೆ 1.5 ಮೀ. ಆಳದ ತಡೆಗೋಡೆ. ಸಿಮೆಂಟು ನೀರು ತೀವ್ರ ಕ್ಷಾರ, ಸ್ವಲ್ಪ ಸೇರಿದರೂ ನಿಂತ ಮಡುವಿನ ಮೀನು ಸಾಯುತ್ತದೆ. ಮಿಕ್ಸರ್ ತೊಳೆಯಲು ಟಾರ್ಪಾಲ್ ಹಾಸಿದ ಗುಂಡಿ ದೂರದಲ್ಲಿದೆ. ಪಿಪಿಸಿ (ಹಾರುಬೂದಿಯಂಥದ್ದು ಬೆರೆತ) ಸಿಮೆಂಟಾದ್ದರಿಂದ ಕ್ಯೂರಿಂಗ್ (ಒದ್ದೆಯಾಗಿಡುವುದು) ಕನಿಷ್ಠ 10 ದಿನ. ಪೈಪಲ್ಲಿ ನೀರು ಬಿಟ್ಟು ಹರಿಸುವ ಬದಲು ಒದ್ದೆ ಗೋಣಿತಾಟು ಹೊದಿಸಿದ್ದೇವೆ.

ಪತ್ರದ ಪ್ರಕಾರ ಹಳ್ಳದೊಳಗಿನ ಕೆಲಸ ಏಪ್ರಿಲ್ ಕೊನೆಗೆ ಮುಗಿಯಬೇಕು. ಅಷ್ಟು ಹೊತ್ತಿಗೆ ಭರಣಿ ಮಳೆ ಹುಟ್ಟುತ್ತದೆ. ಅವಧಿ ವಿಸ್ತರಣೆ ಕೇಳುವುದು ಸರಿಯಲ್ಲ, ತಡವಾದರೆ ಸೆಂಟ್ರಿಂಗ್ (ಕಾಂಕ್ರೀಟಿನ ಅಚ್ಚು ಹಲಗೆ) ಬಿಚ್ಚಿ ಮುಂದಿನ ಬೇಸಿಗೆಗೆ ಬಿಡುವುದೇ ಮೇಲು.

ಬಾಕಿ: ಕೆಳಬಾಯಿಗೆ 300 ಮಿ.ಮೀ. ಕಲ್ಲುಹಾಸು (ಅಡಿಯಲ್ಲಿ ಜೆಲ್ಲಿ ಪದರ ಬೇಕೇ ಬೇಕು, ಇಲ್ಲದಿದ್ದರೆ ಕಲ್ಲಿನ ಸಂದಿಯಿಂದ ಮಣ್ಣು ಜಾರಿ ಕಲ್ಲು ಕುಸಿಯುತ್ತದೆ), ಮರಳು ವಾಪಸ್ ತುಂಬುವುದು, ದಡಕ್ಕೆ ಲಾವಂಚ, ಲಕ್ಕಿ, ಗರಿಕೆ. ಮೋರಿಯ ಎರಡೂ ಕಡೆ ಅದೇ 50 ಮೀಟರ್ ಮಟ್ಟವನ್ನು ಮೊದಲ ದೊಡ್ಡ ಹರಿವಿನ ನಂತರ ಮತ್ತೆ ತೆಗೆದು ಪಂಚಾಯತಿಗೆ ಕೊಡುತ್ತೇವೆ.