ಮೂವತ್ತು ಆಂಪಿಯರಿನ ಬೆಳದಿಂಗಳು

ಗದಗ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದ ಸಭಾಭವನದ ಮುಂದೆ ನಮ್ಮ ನಾಟಕ ತಂಡದ ಲಾರಿ ನಿಂತಾಗ ಬೆಳಗಿನ ಹತ್ತು ಗಂಟೆ. ಪ್ರದರ್ಶನ ಸಂಜೆ ಏಳಕ್ಕೆ. ಸಾಮಾನು ಇಳಿಸುವ ಮೊದಲೇ ನಾನು ಮೀಟರ್ ಬೋರ್ಡು ಹುಡುಕಿಕೊಂಡು ಹೋದೆ. ಸೆಟ್ಟು ಮತ್ತು ಬೆಳಕಿನ ಕೆಲಸಕ್ಕೆ ಇಳಿದು ಇಪ್ಪತ್ತು ವರ್ಷವಾದ ಮೇಲೆ, ರಂಗದ ಅಳತೆಗಿಂತ ಮುಂಚೆ ಕರೆಂಟಿನ ಅಳತೆ ತೆಗೆಯುವುದು ಅಭ್ಯಾಸವಾಗಿಬಿಟ್ಟಿದೆ. ಅಲ್ಲಿನ ವೈರ್‌ಮನ್ ಪಿಂಗಾಣಿಯ ಫ್ಯೂಜು ಕಿತ್ತು ತೋರಿಸಿ, “ಮೂವತ್ತು ಆಂಪ್ ಅಷ್ಟ ಐತ್ರಿ ಸರ್, ಹೆಚ್ಚಿಗಿ ಎಳದ್ರ ಸುಟ್ಟು ಹೋಗತೈತಿ” ಎಂದರು.

1000 ವ್ಯಾಟಿನ ಒಂದು ಹ್ಯಾಲೊಜನ್ ದೀಪ ನಾಲ್ಕು ಆಂಪಿಯರಿಗಿಂತ ತುಸು ಹೆಚ್ಚು ಎಳೆಯುತ್ತದೆ. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ನಾನು ಬರೆದಿದ್ದ ನಕ್ಷೆಯಲ್ಲಿ ಒಂದೇ ಹೊತ್ತಿಗೆ ಹದಿನಾಲ್ಕು ದೀಪ ಉರಿಯುವ ದೃಶ್ಯಗಳಿದ್ದವು. ಇಲ್ಲಿ ಆರು ಹಚ್ಚಿದರೆ ಮುಗಿಯಿತು.

ಅದು ತೊಟ್ಟಿಮನೆಯೊಂದರಲ್ಲಿ ನಡೆಯುವ ನಾಟಕ. ಮುದಿ ತಾಯಿಯೂ ಮಗನೂ ಅಂಗಳದ ಬೆಳದಿಂಗಳಲ್ಲಿ ಕುಳಿತು ಮಾತನಾಡುವ ಹದಿನೈದು ನಿಮಿಷಗಳೇ ಅದರ ಜೀವ. ಸಂಜೆ ನಾಲ್ಕಕ್ಕೆ ಆ ದೃಶ್ಯವನ್ನು ಹಚ್ಚಿ ನೋಡಿದರೆ ನಟರ ಮುಖವೇ ಇಲ್ಲ. ಮೀಟರಿನ ಮುಳ್ಳು 230ರ ಬದಲು 180 ವೋಲ್ಟಿನ ಹತ್ತಿರ ನಡುಗುತ್ತಿತ್ತು. ವೋಲ್ಟೇಜು ಐದನೇ ಒಂದು ಭಾಗ ಇಳಿದರೆ ಬೆಳಕೂ ಅಷ್ಟೇ ಇಳಿಯುತ್ತದೆಂದು ಹೊರಗಿನವರು ತಿಳಿಯುತ್ತಾರೆ. ಆದರೆ ಹ್ಯಾಲೊಜನ್ನಿನಲ್ಲಿ ಅದು ಅರ್ಧಕ್ಕಿಂತ ಕೆಳಗೆ ಹೋಗುತ್ತದೆ. ಸಾಲದ್ದಕ್ಕೆ, ದೀಪದೊಳಗಿನ ತಂತಿ ತಣ್ಣಗಾದಷ್ಟೂ ಅದರ ಬೆಳಕು ಕೆಂಪು ಹಳದಿಗೆ ತಿರುಗಿ ನೀಲಿ ತೀರ ಕಡಿಮೆಯಾಗುವುದರಿಂದ, ನಾನು ದೀಪದ ಮುಂದೆ ಹಾಕಿದ್ದ ಗಾಢ ನೀಲಿ ಜೆಲ್, ಅಂದರೆ ಬಣ್ಣದ ಪಾರದರ್ಶಕ ಹಾಳೆ, ಉಳಿದದ್ದನ್ನೂ ತಡೆದು ನಿಲ್ಲಿಸಿತ್ತು.

ಜೆಲ್ ಬದಲಾಯಿಸಿ ತಿಳಿನೀಲಿ ಹಾಕಿದೆ, ಬೆಳಕು ಏರಿಸಿ ಇಳಿಸುವ ಡಿಮ್ಮರನ್ನು ಪೂರ್ತಿ ಮೇಲೇರಿಸಿದೆ. ಆದರೂ ಸಾಲಲಿಲ್ಲ, ಏಕೆಂದರೆ ಬಂದ ಬೆಳಕನ್ನೆಲ್ಲ ಎಂಟು ಅಡಿ ಎತ್ತರದ ಕಾಫಿ ಬಣ್ಣದ ಗೋಡೆಗಳು ನುಂಗುತ್ತಿದ್ದವು. ಆ ಗೋಡೆಗಳಿಗಾಗಿ ಬಡಗಿಯ ಜೊತೆ ಹನ್ನೊಂದು ದಿನ ಕುಳಿತವನು ನಾನೇ. ಈಗ ಅವು ಬೇಡವೆನ್ನಬೇಕಾದವನೂ ನಾನೇ. ಸೆಟ್ಟಿಗೆ ಬೇರೊಬ್ಬರಿದ್ದಿದ್ದರೆ ಎಷ್ಟು ಚೆನ್ನಾಗಿ ಜಗಳವಾಡಬಹುದಿತ್ತು! ಐದು ಗಂಟೆಗೆ ಹಿಂದಿನ ಎರಡು ಗೋಡೆಗಳನ್ನು ಬಿಚ್ಚಿಸಿ, ಬಸ್‌ಸ್ಟ್ಯಾಂಡಿನ ಎದುರಿನ ಅಂಗಡಿಯಿಂದ ಹನ್ನೆರಡು ಮೀಟರ್ ತೆಳು ಬಿಳಿ ಹತ್ತಿ ಬಟ್ಟೆ ತರಿಸಿದೆ. ವೇಷಭೂಷಣದವರು ಅದನ್ನು ಮೂರು ಮೂರು ಮೀಟರಿನ ನಾಲ್ಕು ಪಟ್ಟಿಗಳಾಗಿ ಕತ್ತರಿಸಿ ಹೊಲಿದುಕೊಟ್ಟರು. ಬಟ್ಟೆಯ ಹಿಂದೆ ಎರಡು ದೀಪ, ಮುಂದೆ ತೊಟ್ಟಿಯ ಕಂಬಗಳು. ನಿರ್ದೇಶಕರು ಬಂದು ನೋಡಿ “ಗೋಡೆ ಎಲ್ಲಿ?” ಎಂದು ಮಾತ್ರ ಕೇಳಿ, ಉತ್ತರಕ್ಕೆ ಕಾಯದೆ ಹೋದರು.

ಪ್ರದರ್ಶನದುದ್ದಕ್ಕೂ ವೈರ್‌ಮನ್ ಒಂದು ಗೇಣು ಫ್ಯೂಜ್ ತಂತಿಯನ್ನು ಬೆರಳಿಗೆ ಸುತ್ತಿಕೊಂಡು ಬೋರ್ಡಿನ ಪಕ್ಕದಲ್ಲೇ ಕುಳಿತಿದ್ದರು. ತಾಯಿಯ ಪಾತ್ರಧಾರಿ ಕಂಬ ಹಿಡಿದು ಎದ್ದಾಗ ಮುಖದ ಅರ್ಧ ಮಾತ್ರ ಕಾಣುತ್ತಿತ್ತು, ಆದರೆ ನಡುಗುವ ಕೈ ಬೆಳ್ಳನೆಯ ಬಟ್ಟೆಯ ಎದುರು ಕಪ್ಪಾಗಿ, ಒಂದೊಂದು ಬೆರಳೂ ಬಿಡಿಯಾಗಿ ಕಂಡಿತು. ಹದಿನಾಲ್ಕು ದೀಪಗಳಿದ್ದಾಗ ಆ ಕೈಯನ್ನು ನಾನು ಗಮನಿಸಿಯೇ ಇರಲಿಲ್ಲ.

ಮುಂದಿನ ತಿಂಗಳು ಬೆಂಗಳೂರಿನ ರಂಗಶಂಕರದಲ್ಲಿ ಪ್ರದರ್ಶನವಿದ್ದಾಗ, ಗೋಡೆಗಳನ್ನು ಬಿಟ್ಟು ಬಟ್ಟೆಯನ್ನಷ್ಟೇ ಒಯ್ದೆ. ಅಲ್ಲಿ ವೋಲ್ಟೇಜು ಸರಿಯಾಗಿತ್ತು. ಬಟ್ಟೆ ಕಣ್ಣು ಕುಕ್ಕುವಂತೆ ಹೊಳೆಯಿತು. ಕ್ಯಾಂಟೀನಿನವರನ್ನು ಕೇಳಿ ಒಂದು ಬಕೆಟ್ ಚಹಾದ ಡಿಕಾಕ್ಷನ್ ತರಿಸಿ, ಹನ್ನೆರಡು ಮೀಟರನ್ನೂ ಅದರಲ್ಲಿ ಅದ್ದಿ ಹಿಂಡಿ ಒಣಗಿಸಿದೆವು.